ಅತ್ತೆಯ ಕೈ, ಗಾಜಿನ ಕಡ್ಡಿ

ಗೇರುಸೊಪ್ಪ
೧೪ ಫೆಬ್ರುವರಿ ೧೯೬೦

ಚಿ. ಸರೋಜಾಳಿಗೆ,

ನಾಲ್ಕು ವರ್ಷದ ಮೇಲೆ ನನ್ನ ಅಕ್ಷರ ಕಂಡು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿರಬಹುದು. ನಾನೇ, ನಿನ್ನ ಅಕ್ಕ. ಕೆಲಸ ಬಿದ್ದದ್ದಕ್ಕೇ ಬರೆಯುತ್ತಿದ್ದೇನೆ, ಪ್ರೀತಿ ಉಕ್ಕಿ ಬರೆದೆ ಎಂದು ಸುಳ್ಳು ಹೇಳುವುದಿಲ್ಲ. ನೀನು ಕುಮಟೆಯ ಆಸ್ಪತ್ರೆಯಲ್ಲಿ ದಾದಿಯಾಗಿದ್ದೀ ಎಂಬುದು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಸಂಗತಿ. ಈಗ ನನಗೆ ಅದೊಂದೇ ನೆನಪಾಗುತ್ತಿದೆ.

ಇವರಿಗೆ ಜ್ವರ. ಭಟ್ಕಳದ ಸಾಹುಕಾರರು ಘಟ್ಟದ ಮೇಲೆ ಮರ ಕಡಿಯುವ ಕೂಪು ಗುತ್ತಿಗೆ ಹಿಡಿದಿದ್ದಾರೆ. ಅಲ್ಲಿ ಕಡಿದ ಮರಕ್ಕೆ ನಂಬರು ಹೊಡೆಸುವುದು ಇವರ ಕೆಲಸ. ಹದಿನೈದು ದಿನ ಕಾಡು, ಎರಡು ದಿನ ಮನೆ. ಬುಧವಾರ ಲಾರಿಯಿಂದ ಇಳಿದವರು ಗೋಡೆ ಹಿಡಿದುಕೊಂಡು ಒಳಗೆ ಬಂದರು. ಕಣ್ಣು ಕೆಂಪು, ಮೀನಖಂಡ ಮುಟ್ಟಿದರೆ ಕೂಗುತ್ತಾರೆ. "ತಲೆ ಒಳಗೆ ಯಾರೋ ಕೊಡ್ಲಿ ಹಾಕ್ತಾ ಇದ್ದ" ಎನ್ನುತ್ತಾರೆ. ಹೊನ್ನಾವರದಿಂದ ಕ್ವಿನೈನ್ ತರಿಸಿ ಕೊಟ್ಟೆ. ಕಹಿಯಾಯಿತು ಅಷ್ಟೆ. ಚಳಿಜ್ವರಕ್ಕಾದರೆ ಒಂದು ಹೊತ್ತು ಅಂತ ಇರುತ್ತದೆ, ಇದಕ್ಕೆ ಅದೂ ಇಲ್ಲ.

ಅತ್ತೆ ಗಳಿಗೆಗೊಮ್ಮೆ ಹಣೆಗೆ ಕೈಯಿಟ್ಟು "ಈಗ ಇಳಿದ್ದು" ಎನ್ನುತ್ತಾರೆ, ಸ್ವಲ್ಪ ಹೊತ್ತಿಗೆ "ಈಗ ಏರಿದ್ದು" ಎನ್ನುತ್ತಾರೆ. ನಾನು ಕೈಯಿಟ್ಟರೆ ಎರಡೂ ಒಂದೇ ಥರ ಕಾಣುತ್ತದೆ. ಮಕ್ಕಳಿಲ್ಲದ ಮನೆಯಲ್ಲಿ ನಾವಿಬ್ಬರು ಹೆಂಗಸರು ಒಂದು ಹಣೆಯ ಮೇಲೆ ಜಗಳವಾಡುತ್ತಿದ್ದೇವೆ. ಇದು ಯಾವ ಜ್ವರ? ಇದರ ಹೆಸರು ಹೇಳು. ಹೆಸರು ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತದೆ.

ಆಶೀರ್ವಾದಗಳೊಂದಿಗೆ, ಸಿಟ್ಟು ಇದ್ದರೆ ಇರಲಿ, ಉತ್ತರ ಮಾತ್ರ ಬರೆ,
ಸುಬ್ಬಲಕ್ಷ್ಮಿ


ಕುಮಟಾ
೧೭ ಫೆಬ್ರುವರಿ ೧೯೬೦

ಸೌ. ಅಕ್ಕನಿಗೆ,

ನಾಲ್ಕು ವರ್ಷವಲ್ಲ, ಮೂರು ವರ್ಷ ಹತ್ತು ತಿಂಗಳು. ದಾದಿ ತರಬೇತಿ ಮುಗಿಸಿ ನೇರವಾಗಿ ನಿಮ್ಮ ಮನೆಗೇ ಬಂದಿದ್ದೆ. ನಿಮ್ಮ ಅತ್ತೆ ನನಗೆ ಜಗಲಿಯಲ್ಲಿ ಎಲೆ ಹಾಕಿಸಿದರು, ಹತ್ತು ಜಾತಿಯ ಮೈ ಮುಟ್ಟಿದವಳು ಅಂತ. ಬಡಿಸಿದವಳು ನೀನು. ಆ ಮಾತು ಇಷ್ಟಕ್ಕೆ ಸಾಕು.

ಕಾಗದದಲ್ಲಿ ಜ್ವರದ ಹೆಸರು ಹೇಳಲು ನಾನು ಜೋಯಿಸಳಲ್ಲ. ವಿಷಮಶೀತ ಜ್ವರ ಇರಬಹುದು, ಮಲೇರಿಯಾ ಇರಬಹುದು, ಎರಡೂ ಅಲ್ಲದೆ ಇರಬಹುದು. ಜ್ವರ ಯಾವಾಗ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ನೋಡಿದರೆ ಅದರ ಗುಣ ತಿಳಿಯುತ್ತದೆ. ಅದಕ್ಕಾಗಿ ನನ್ನ ಥರ್ಮಾಮೀಟರನ್ನೇ ಹತ್ತಿಯಲ್ಲಿ ಸುತ್ತಿ, ಹೊನ್ನಾವರದಿಂದ ಹೊಳೆಯ ಮೇಲೆ ನಿಮ್ಮೂರಿಗೆ ಬರುವ ಲಾಂಚಿನ ಪಾಂಡುವಿನ ಕೈಯಲ್ಲಿ ಕಳಿಸಿದ್ದೇನೆ. ಮೊದಲು ಮಣಿಕಟ್ಟಿನಿಂದ ನಾಲ್ಕು ಸಲ ಜೋರಾಗಿ ಕೊಡವು, ಪಾದರಸ ಕೆಳಗಿಳಿಯುತ್ತದೆ. ಆಮೇಲೆ ನಾಲಗೆಯ ಅಡಿಗೆ ಇಟ್ಟು ಮೂರು ನಿಮಿಷ ಬಾಯಿ ಮುಚ್ಚಿಸು. ತೆಗೆದು ಓದು. ಓದಿದ ಮೇಲೆ ತಣ್ಣೀರಿನಲ್ಲಿ ತೊಳೆ. ಬಿಸಿನೀರು ಹಾಕಿದೆಯೋ, ಒಡೆಯಿತು ಎಂದೇ ಲೆಕ್ಕ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ ಬರೆದಿಡು. ೯೮.೪ ಇದ್ದರೆ ಜ್ವರವಿಲ್ಲ.

ಅತ್ತೆಯ ಕೈಯನ್ನು ನಂಬಬೇಡ. ಒಲೆಯ ಮುಂದಿನಿಂದ ಎದ್ದು ಬಂದ ಕೈ ಒಂದು ಹೇಳುತ್ತದೆ, ಬಾವಿಕಟ್ಟೆಯಿಂದ ಬಂದ ಕೈ ಇನ್ನೊಂದು ಹೇಳುತ್ತದೆ. ಭಾವನಿಗೆ ನನ್ನ ನಮಸ್ಕಾರ. ಅವರೊಬ್ಬರೇ ಅಂದು ನನ್ನ ಜೊತೆ ಜಗಲಿಯಲ್ಲಿ ಕೂತು ಊಟ ಮಾಡಿದ್ದರು.

ನಿನ್ನ,
ಸರೋಜಾ


ಗೇರುಸೊಪ್ಪ
೨೧ ಫೆಬ್ರುವರಿ ೧೯೬೦

ಚಿ. ಸರೋಜಾಳಿಗೆ,

ನಿನ್ನ ಗಾಜಿನ ಕಡ್ಡಿ ಸುಖವಾಗಿ ಬಂದು ಮುಟ್ಟಿತು. ಮುಟ್ಟಿದ ದಿನವೇ ಮನೆಯಲ್ಲಿ ಯುದ್ಧ. "ಬಾಯಿಗೆ ಹಾಕಿದ್ದನ್ನ ಮತ್ತೆ ಮತ್ತೆ ಬಾಯಿಗೆ ಹಾಕದು ಹೇಳಿರೆ ಎಂತ ಮಾರಾಯ್ತಿ? ನಾಯಿನೂ ಹಂಗೆ ಮಾಡ್ತಿಲ್ಲೆ" ಎಂದು ಅತ್ತೆ. ಇವರು ಹಾಸಿಗೆಯಲ್ಲೇ ನಗಲು ಹೋಗಿ ತಲೆನೋವಿನಿಂದ ಮುಖ ಕಿವಿಚಿದರು. ಕೊನೆಗೆ ಒಪ್ಪಂದವಾಯಿತು. ಕಡ್ಡಿಯನ್ನು ತೊಳೆಯದೆ ಕೋಣೆಯ ಹೊಸ್ತಿಲು ದಾಟಿಸಬಾರದು, ದೇವರ ಗೂಡಿನ ಗೋಡೆಗೆ ತಾಗಿಸಿ ಇಡಬಾರದು. ಆತು ಎಂದೆ.

ಹದಿನೆಂಟರ ಸಂಜೆ ೧೦೩.೪. ಹತ್ತೊಂಬತ್ತರ ಬೆಳಿಗ್ಗೆ ೧೦೨.೬, ಸಂಜೆ ೧೦೪. ಅತ್ತೆ ಆಗಲೇ ಹಣೆ ಮುಟ್ಟಿ "ನಿನ್ನೆಗಿಂತ ಜಾಸ್ತಿ" ಎಂದಿದ್ದರು, ಸುಮ್ಮನೆ ಹೇಳಿದ್ದು ಹೊಂದಿಕೆಯಾಯಿತು ಎಂದುಕೊಂಡೆ. ಇಪ್ಪತ್ತರ ಬೆಳಿಗ್ಗೆ ೧೦೧, ಸಂಜೆ ೧೦೦.೨. ಈ ದಿನ ಬೆಳಿಗ್ಗೆ ೯೮.೨! ಮೂರು ಸಲ ಕೊಡವಿ ಮೂರು ಸಲ ನೋಡಿದೆ. ಇವರು ಬಾಯಿಯಲ್ಲಿ ಕಡ್ಡಿ ಇಟ್ಟುಕೊಂಡೇ "ಸಾಕು ಬಿಡೇ" ಎಂದು ಗೊಣಗಿದರು.

ಏನೂ ಔಷಧಿಯಿಲ್ಲದೆ ಹೇಗೆ ಬಂತೋ ಹಾಗೆಯೇ ಹೋಯಿತು. ನನಗೆ ಸಂತೋಷಪಡಲು ಹೆದರಿಕೆ. ಇಷ್ಟು ದೊಡ್ಡ ಜ್ವರ ಹೇಳದೆ ಕೇಳದೆ ಹೊರಟುಹೋದರೆ ಎಲ್ಲಿಗೆ ಹೋಯಿತು ಅನ್ನಿಸುವುದಿಲ್ಲವೇ?

ಸುಬ್ಬಲಕ್ಷ್ಮಿ


ಕುಮಟಾ
೨೫ ಫೆಬ್ರುವರಿ ೧೯೬೦

ಸೌ. ಅಕ್ಕನಿಗೆ,

ಅಂಕಿಗಳನ್ನು ನಮ್ಮ ಡಾಕ್ಟರರಿಗೆ ತೋರಿಸಿದೆ. "ವಿಷಮಶೀತ ಜ್ವರ ಹೀಗೆ ಎರಡು ದಿನದಲ್ಲಿ ಬೀಳುವುದಿಲ್ಲ, ಮಲೇರಿಯಾ ಹೀಗೆ ಹನ್ನೊಂದು ದಿನ ನಿಲ್ಲುವುದಿಲ್ಲ" ಎಂದರು. ಆಮೇಲೆ ಒಂದು ವಿಚಿತ್ರ ಪ್ರಶ್ನೆ ಕೇಳಿದರು. ಭಾವ ಇದ್ದ ಕಾಡಿನಲ್ಲಿ ಮಂಗ ಸತ್ತಿದ್ದವೇ? ಮೈಗೆ ರಕ್ತ ಹೀರುವ ಉಣುಗು ಕಚ್ಚಿತ್ತೇ? ಸಾಗರ, ಸೊರಬದ ಕಡೆ ಎರಡು ಮೂರು ವರ್ಷದಿಂದ ಒಂದು ಹೊಸ ಜ್ವರ ಇದೆಯಂತೆ. ಸತ್ತ ಮಂಗನ ಮೈಯಿಂದ ಇಳಿದ ಉಣುಗು ಮನುಷ್ಯನಿಗೆ ಕಚ್ಚಿದರೆ ಬರುತ್ತದಂತೆ. ಅವರು ಓದಿದ್ದಾರೆ ಅಷ್ಟೆ, ಒಬ್ಬ ರೋಗಿಯನ್ನೂ ಕಂಡಿಲ್ಲ. ನನಗಂತೂ ತಲೆಬುಡ ತಿಳಿಯಲಿಲ್ಲ.

ಏನೇ ಇರಲಿ, ಭಾವ ಕಾಡಿಗೆ ಹೋಗುವುದು ಬೇಡ. ಗಂಜಿ, ತಿಳಿಸಾರು, ಹಾಸಿಗೆ. ಇನ್ನೂ ಹದಿನೈದು ದಿನ ಎರಡು ಹೊತ್ತು ಕಡ್ಡಿ ಇಡು. ನಿನ್ನ ಅಕ್ಷರ ಈಗಲೂ ಎಡಕ್ಕೇ ವಾಲುತ್ತದೆ. ನೋಡಿ ನಗು ಬಂತು.

ನಿನ್ನ,
ಸರೋಜಾ


ಗೇರುಸೊಪ್ಪ
೧ ಮಾರ್ಚ್ ೧೯೬೦

ಚಿ. ಸರೋಜಾಳಿಗೆ,

ಮಂಗನ ವಿಷಯ ಇವರನ್ನು ಕೇಳಿದೆ. ಕೂಪಿನ ಹಿಂದಿನ ಹಳ್ಳದಲ್ಲಿ ಮೂರು ಸತ್ತು ಬಿದ್ದಿದ್ದವಂತೆ, ನಾತ ತಡೆಯದೆ ಕೂಲಿಯವರು ಬಿಡಾರ ಬದಲಾಯಿಸಿದರಂತೆ. ಉಣುಗು ಕೇಳಿದರೆ ನಗುತ್ತಾರೆ. "ಕಾಡಿಗೆ ಹೋದವಂಗೆ ಉಣುಗು ಕಚ್ಚದೆ ಮತ್ತೆಂತ ಮುತ್ತು ಕೊಡ್ತ?" ಎಂದರು. ಇಂಥ ಮಾತು ಬಂತೆಂದರೆ ಆರಾಮಾಗಿದ್ದಾರೆ ಎಂದು ತಿಳಿ.

ಈಗ ಬೇರೆ ತಮಾಷೆ. ಜ್ವರ ೯೮ ಮುಟ್ಟುವುದೇ ಇಲ್ಲ. ೯೭.೪, ೯೭, ೯೭.೨. ಆಗ ಹೆಚ್ಚಾಯಿತು ಎಂದು ಹೆದರಿಕೆ, ಈಗ ಕಡಿಮೆಯಾಯಿತು ಎಂದು ಹೆದರಿಕೆ. ಇದು ನಿತ್ರಾಣವೋ, ರೋಗವೋ? ಶನಿವಾರ ಅತ್ತೆ ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿ ಪಥ್ಯ ಬಿಡಿಸಿದರು. ಇವರು ಎರಡು ಸಲ ಅನ್ನ ಕೇಳಿ ಉಂಡರು.

ತಿಮ್ಮಿ ಗೊತ್ತಲ್ಲ, ಸೊಪ್ಪು ತಂದು ಕೊಡುವವಳು? ಅವಳ ತಮ್ಮ ಶುಕ್ರನೂ ಅದೇ ಕೂಪಿನಲ್ಲಿದ್ದ. ನಿನ್ನೆ ಅವಳು ಹೇಳಿದಳು: "ನಮ್ಮ ಶುಕ್ರಂಗೂ ಹಿಂಗೇ ಆಗಿತ್ರಾ ಅಮ್ಮ. ಜರ ಬಿಟ್ಟು ಹತ್ತು ದಿವ್ಸ ಗಂಜಿ ಉಂಡ್ಕಂಡು ಆರಾಮಿದ್ದ. ಮತ್ತೆ ಬಂತು. ಈಗ ಕೈ ನಡುಗ್ತದೆ, ಬೀಡಿ ಹಿಡ್ಕಳ್ಳುಕೂ ಆಗುದಿಲ್ಲ." ಶುಕ್ರ ಜ್ವರ ಬಿಟ್ಟ ಮೂರನೇ ದಿನವೇ ಹೊಳೆಯಲ್ಲಿ ಮುಳುಗಿ ಮೀನು ಹಿಡಿದವನು, ಅವನಿಗೆ ಬಾರದೆ ಇರುತ್ತದೆಯೇ ಎಂದು ನಾನು ಅವಳಿಗೆ ಬುದ್ಧಿ ಹೇಳಿ ಕಳಿಸಿದೆ.

ಸುಬ್ಬಲಕ್ಷ್ಮಿ


ಗೇರುಸೊಪ್ಪ
೬ ಮಾರ್ಚ್ ೧೯೬೦, ಭಾನುವಾರ ಬೆಳಿಗ್ಗೆ

ಚಿ. ಸರೋಜಾ,

ಅಂಚೆಗೆ ಹಾಕುವುದಿಲ್ಲ. ತಿಮ್ಮಿ ತೆಗೆದುಕೊಂಡು ಹೋಗಿ ಲಾಂಚಿನ ಪಾಂಡುವಿಗೆ ಕೊಡುತ್ತಾಳೆ. ಅವನ ಕೈಯಲ್ಲೇ ಉತ್ತರ ಕಳಿಸು.

ಮೊನ್ನೆ ಶುಕ್ರವಾರ ಸಂಜೆಯಿಂದ ನಾನು ಹೊರಗಾಗಿ ಜಗಲಿಯ ಮೂಲೆಯಲ್ಲಿ ಕೂತಿದ್ದೇನೆ. ನಾಳೆಯವರೆಗೆ ಒಳಗೆ ಕಾಲಿಡುವ ಹಾಗಿಲ್ಲ, ಇವರನ್ನು ಮುಟ್ಟುವ ಹಾಗಿಲ್ಲ. ಸರಿಯಾಗಿ ಈಗಲೇ ಇವರಿಗೆ ಮತ್ತೆ ತಲೆನೋವು. ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದು ಕಿಟಕಿ ಮುಚ್ಚಿಸಿದ್ದಾರೆ. ನಿನ್ನೆ ಲೋಟ ಹಿಡಿದರೆ ನೀರು ತುಳುಕಿತಂತೆ.

ಅತ್ತೆ ನಿನ್ನೆಯಿಂದ "ಜ್ವರ ಬಂತು, ಜ್ವರ ಬಂತು" ಎಂದು ಒಂದೇ ಸಮನೆ ಕೂಗುತ್ತಿದ್ದಾರೆ. ಸಾಹುಕಾರರ ಜೀಪು ತರಿಸು, ಕುಮಟೆಗೆ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಾರೆ. ಯೋಚಿಸು, ನಿನ್ನ ಆಸ್ಪತ್ರೆಗೆ, ಅವರೇ! ಆದರೆ ಕಡ್ಡಿ ಬೇರೆ ಹೇಳುತ್ತದೆ. ನಾನು ಮುಟ್ಟುವಂತಿಲ್ಲವಲ್ಲ, ಅದಕ್ಕೆ ಕಡ್ಡಿ ಇಡುವುದನ್ನು ಅತ್ತೆಗೆ ಕಲಿಸಿದ್ದೇನೆ. ಅವರು ಇವರ ಬಾಯಿಗೆ ಇಡುತ್ತಾರೆ, ನಾನು ಹೊರಗಿನಿಂದ ನೂರೆಂಬತ್ತು ಎಣಿಸಿ ಸಾಕು ಎನ್ನುತ್ತೇನೆ, ಅವರು ಅದನ್ನು ಗಿಂಡಿ ನೀರಿನಲ್ಲಿ ತೊಳೆದು, ನೀರು ಕೊಡವಿ, ಹೊಸ್ತಿಲ ಹತ್ತಿರ ತಂದು ಹಿಡಿಯುತ್ತಾರೆ. ಅವರಿಗೆ ಇಂಗ್ಲಿಷ್ ಅಂಕಿ ಬಾರದು. ನಾನು ದೂರದಿಂದಲೇ ಬಗ್ಗಿ, "ಸ್ವಲ್ಪ ತಿರುಗಿಸಿ" ಎಂದು ಓದುತ್ತೇನೆ. ನಿನ್ನೆ ಬೆಳಿಗ್ಗೆ ೯೭. ಸಂಜೆ ೯೬.೬. ಈಗ ೯೬.೮.

"ಮೈ ಕೆಂಡದ ಹಂಗೆ ಇದ್ದು, ನಿಂಗೆ ಗಾಜು ಹೇಳಿದ್ದೇ ಸತ್ಯ ಆಗೋತ?" ಎಂದು ಅತ್ತೆ ಕಣ್ಣೀರು ಹಾಕಿದರು. "ಓದು ಬಾರದವರಿಗೆ ಗಾಜಿನ ಮೇಲೆ ಯಾಕೆ ಸಿಟ್ಟು?" ಎಂದೆ. ಹೇಳಿದ ಮೇಲೆ ನನಗೇ ಕಸಿವಿಸಿಯಾಯಿತು. ಸರೋಜಾ, ನಾನು ಯಾರನ್ನು ನಂಬಲಿ? ಜ್ವರವಿಲ್ಲದ ಮನುಷ್ಯನನ್ನು ಅಷ್ಟು ದೂರ ಜೀಪಿನಲ್ಲಿ ಕುಲುಕಿಸಿದರೆ ತೊಂದರೆಯೇ? ಇದೆಯೋ ಇಲ್ಲವೋ ನೀನು ಹೇಳು. ನೀನು ಹೇಳಿದ ಹಾಗೆ ಮಾಡುತ್ತೇನೆ.

ಸುಬ್ಬಲಕ್ಷ್ಮಿ


ಕುಮಟಾ
೬ ಮಾರ್ಚ್ ೧೯೬೦, ಸಂಜೆ

ಸೌ. ಅಕ್ಕನಿಗೆ,

ಡಾಕ್ಟರರು ಕಾರವಾರಕ್ಕೆ ಹೋಗಿದ್ದಾರೆ. ಪಾಂಡು ಬಾಗಿಲಲ್ಲಿ ನಿಂತಿದ್ದಾನೆ, ಅದಕ್ಕೆ ನನಗೆ ತಿಳಿದದ್ದನ್ನು ಬರೆಯುತ್ತೇನೆ.

ಗಾಜನ್ನೇ ನಂಬು. ದೀರ್ಘ ಜ್ವರದ ಮೇಲೆ ಮೈ ೯೭ರ ಆಸುಪಾಸಿಗೆ ಇಳಿಯುವುದು ಉಂಟು, ನೀನೇ ಕಳೆದ ವಾರ ಅಂಥ ಅಂಕಿ ಬರೆದಿದ್ದೆ. ತಲೆನೋವು, ನಡುಕ ನಿತ್ರಾಣದಿಂದ. ತಣ್ಣೀರಲ್ಲಿ ಅದ್ದಿದ ಕೈಗೆ ಯಾವ ಮೈಯೂ ಬಿಸಿಯಾಗಿಯೇ ತೋರುತ್ತದೆ. ಈ ಬಿಸಿಲಿನಲ್ಲಿ, ಆ ರಸ್ತೆಯಲ್ಲಿ ಜೀಪಿನ ಪ್ರಯಾಣ ಬೇಡ. ಹಾಲು, ಗಂಜಿ ಕೊಡು. ಮೂರು ದಿನ ಕಾದು ನೋಡು, ಅಂಕಿ ನೂರು ದಾಟಿದರೆ ಆ ಕ್ಷಣವೇ ಹೊರಡಿಸು.

ಅತ್ತೆಗೆ ಸಮಾಧಾನ ಹೇಳು. ನನ್ನ ಆಸ್ಪತ್ರೆಗೆ ಬರುತ್ತೇನೆ ಅಂದರಲ್ಲ, ಅದನ್ನು ಎರಡು ಸಲ ಓದಿದೆ.

ನಿನ್ನ,
ಸರೋಜಾ


ಗೇರುಸೊಪ್ಪ
೭ ಮಾರ್ಚ್ ೧೯೬೦

ಸರೋಜಾ,

ಇವರ ಜೊತೆಯಲ್ಲೇ ಈ ಚೀಟಿ ಬರುತ್ತದೆ. ಅತ್ತೆ ಕರೆದುಕೊಂಡು ಬರುತ್ತಿದ್ದಾರೆ.

ನಿನ್ನ ಕಾಗದ ಹತ್ತು ಗಂಟೆಗೆ ಬಂತು. ಬೆಳಗಿನ ಅಂಕಿ ೯೬.೪ ಇತ್ತು. ಅತ್ತೆಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ, ಗಾಜನ್ನೇ ನಂಬು ಎಂಬುದನ್ನು ಎರಡು ಸಲ. ಅತ್ತೆ ಸೋತವರ ಹಾಗೆ ಒಳಗೆ ಹೋದರು. ಮಧ್ಯಾಹ್ನ ಇವರು ಒಳಗಿನಿಂದ ಕೂಗಿದರು, "ಹೊಡಿ, ಇದಕ್ಕೆ ನಂಬರು ಹೊಡಿ, ಮುಂದಿಂದು ತಗಳೋ" ಎಂದು. ಸುಮ್ಮನಾಗಲೇ ಇಲ್ಲ. ಮತ್ತೆ ಮತ್ತೆ ಅದೇ ಮಾತು. ನನಗೆ ಕೂರಲಾಗಲಿಲ್ಲ. ಎದ್ದು ಹೊಸ್ತಿಲು ದಾಟಿ ಒಳಗೆ ಹೋಗಿ ಇವರ ಎದೆ ಮೇಲೆ ಕೈಯಿಟ್ಟೆ. ನಾನು ಇದುವರೆಗೆ ಮುಟ್ಟಿದ ಯಾವ ಮೈಯೂ ಹಾಗೆ ಸುಟ್ಟಿರಲಿಲ್ಲ. ನಾನೇ ಕಡ್ಡಿ ಕೊಡವಿ ಇಟ್ಟು ಅಲ್ಲೇ ಓದಿದೆ. ೧೦೪.೨.

ಬೆಳಿಗ್ಗೆ ೯೬.೪, ಮಧ್ಯಾಹ್ನ ೧೦೪.೨. ನಾಲ್ಕು ಗಂಟೆಯಲ್ಲಿ ಎಂಟು ಡಿಗ್ರಿ! ಇದು ಎಂಥ ಜ್ವರ? ಹೊರಗಾದವಳು ಒಳಗೆ ನುಗ್ಗಿದೆ, ಮುಟ್ಟಿದೆ. ಅತ್ತೆ ಆಗಲೇ ಇವರ ಅಂಗಿಗೆ ಗುಂಡಿ ಹಾಕುತ್ತಿದ್ದರು.

ಜೀಪಿನಲ್ಲಿ ಮಲಗಿದವರ ಜೊತೆ ಒಬ್ಬರಿಗಷ್ಟೇ ಜಾಗ. ನಾಳೆ ಮಿಂದು ಮೊದಲ ಲಾಂಚಿಗೆ ಹೊರಡುತ್ತೇನೆ. ಅಲ್ಲಿಯವರೆಗೆ ನೀನಿದ್ದೀ.

ಸುಬ್ಬಲಕ್ಷ್ಮಿ


ಕುಮಟಾ
೩೦ ಮಾರ್ಚ್ ೧೯೬೦

ಪ್ರೀತಿಯ ಅಕ್ಕನಿಗೆ,

ಭಾವ ಹೋಗಿ ಇವತ್ತಿಗೆ ಹದಿನೇಳು ದಿನ. ನೀವಿಬ್ಬರೂ ಭಟ್ಕಳದಲ್ಲಿ ನಿನ್ನ ಮೈದುನ ಮಹಾಬಲನ ಮನೆ ಸೇರಿದಿರಿ ಎಂದು ತಿಳಿಯಿತು. ಆಸ್ಪತ್ರೆಯಲ್ಲಿ ನೀನು ಐದು ದಿನ ನನ್ನ ಪಕ್ಕದಲ್ಲೇ ಇದ್ದೆ. ಆಗ ಹೇಳಲು ಬಾಯಿ ಬರಲಿಲ್ಲ. ಈಗ ಕಾಗದದಲ್ಲಿ ಹೇಳುತ್ತಿದ್ದೇನೆ.

ಎಂಟನೇ ತಾರೀಖು ಬೆಳಿಗ್ಗೆ, ನೀನು ಬರುವ ಮೊದಲು, ಭಾವನಿಗೆ ಕಡ್ಡಿ ಇಡಲು ಹೋದೆ. ವಾರ್ಡಿನ ಕಡ್ಡಿ ಎಲ್ಲರ ಬಾಯಿಗೆ ಹೋದದ್ದು, ನಮ್ಮದನ್ನೇ ಇಡುತ್ತೇನೆ ಎಂದು ನಿನ್ನ ಅತ್ತೆ ಹಟ ಹಿಡಿದರು. ಇಡಲಿ ಎಂದು ಬಿಟ್ಟೆ. ಹೊತ್ತಾದ ಮೇಲೆ ತೆಗೆದರು. ಎಂಜಲು ಹೋಗಲೆಂದು ಗಿಂಡಿಯ ನೀರಿನಲ್ಲಿ ತೊಳೆದರು. ಕೈ ಬೀಸಿ ನೀರು ಕೊಡವಿದರು, ಒಮ್ಮೆ, ಎರಡು ಸಲ, ಮೂರು ಸಲ. ಆಮೇಲೆ ನನ್ನ ಕೈಗೆ ಕೊಟ್ಟರು. ಓದಿದೆ, ೯೬.೬. ಅದೇ ಗಳಿಗೆಯಲ್ಲಿ ವಾರ್ಡಿನ ಕಡ್ಡಿ ಇಟ್ಟೆ, ೧೦೪.

ಅಕ್ಕ, ಕಡ್ಡಿ ಕೊಡವಿದರೆ ಪಾದರಸ ಇಳಿಯುತ್ತದೆ. ಓದುವ ಮೊದಲೇ ಕೊಡವಿದರೆ ಎಷ್ಟು ಜ್ವರವಿದ್ದರೂ ಇಲ್ಲವೆಂದೇ ತೋರಿಸುತ್ತದೆ. ನೀನು ಹೊರಗೆ ಕೂತ ದಿನಗಳ ಅಂಕಿಯೆಲ್ಲ ಹಾಗೆ ಹುಟ್ಟಿದ್ದು. ಎಂಜಲನ್ನು ಹೊಸ್ತಿಲು ದಾಟಿಸಬಾರದು ಎಂದು ಅವರು ತೊಳೆದರು. ಜ್ವರ ಆಗಲೇ ಇತ್ತು. ಅವರ ಕೈ ಹೇಳಿದ್ದೇ ನಿಜ. ನಾನು ಇನ್ನೊಂದು ತಾಲೂಕಿನಲ್ಲಿ ಕೂತು, ಗಾಜನ್ನೇ ನಂಬು ಎಂದು ಬರೆದೆ.

ಡಾಕ್ಟರರನ್ನು ಕೇಳಿದೆ. ಒಮ್ಮೆ ಬಂದು, ಬಿಟ್ಟು, ಎರಡನೇ ಸಲ ತಲೆಗೇರುವುದು ಈ ಉಣುಗಿನ ಜ್ವರದ ಗುಣ ಇರಬಹುದು ಎಂದರು. ರಕ್ತ ಪರೀಕ್ಷೆಗೆಂದು ಪುಣೆಗೆ ಹೋಗಿದೆ, ಉತ್ತರ ಬಂದಿಲ್ಲ. ಎರಡು ದಿನ ಮೊದಲೇ ಬಂದಿದ್ದರೆ ಉಳಿಯುತ್ತಿದ್ದರೇ ಎಂದೆ. "ಇದಕ್ಕೆ ಔಷಧಿಯೇ ಇಲ್ಲ. ಆದರೂ ಆರೈಕೆಯಿಂದ ಉಳಿದವರಿದ್ದಾರೆ. ಗೊತ್ತಿಲ್ಲ" ಎಂದರು. ಹೌದು ಎಂದಿದ್ದರೆ ಅತ್ತುಬಿಡುತ್ತಿದ್ದೆ, ಇಲ್ಲ ಎಂದಿದ್ದರೆ ನಿದ್ದೆ ಮಾಡುತ್ತಿದ್ದೆ. ಗೊತ್ತಿಲ್ಲ ಎಂಬುದನ್ನು ಇಟ್ಟುಕೊಂಡು ಏನು ಮಾಡಲಿ?

ಅತ್ತೆಗೆ ಏನೂ ತಿಳಿಯದು. ಹೇಳುವುದೋ ಬಿಡುವುದೋ ನೀನೇ ತೀರ್ಮಾನಿಸು.

ಸರೋಜಾ


ಭಟ್ಕಳ
೬ ಏಪ್ರಿಲ್ ೧೯೬೦

ಸರೋಜಾ,

ನಾನು ನೋಡಿದ್ದೆ.

ಅದನ್ನು ಮೊದಲು ಬರೆದುಬಿಡುತ್ತೇನೆ. ಅವರು ಹೊಸ್ತಿಲ ಒಳಗೆ ನಿಂತು ಕೈ ಬೀಸಿದ್ದನ್ನು ನಾನು ಪ್ರತಿ ಸಲವೂ ಕಣ್ಣಾರೆ ನೋಡಿದೆ. ಹದಿನೈದು ದಿನ ದಿನಕ್ಕೆರಡು ಸಲ ನಾನೇ ಕೊಡವಿದವಳು. ಕೊಡವಿದರೆ ಏನಾಗುತ್ತದೆ ಎಂಬುದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆದರೂ ತಿಳಿಯಲಿಲ್ಲ. ನನ್ನ ಮಟ್ಟಿಗೆ ಅವರು ನೀರು ಕೊಡವುತ್ತಿದ್ದರು. ನಾನು ಅಂಕಿಗಾಗಿ ಕಾಯುತ್ತಿದ್ದೆ. ಓದಲು ಬರುವವಳು ನಾನೆಂಬ ಜಂಬದಲ್ಲಿ ಕಾಯುತ್ತಿದ್ದೆ. ನೀನು ದೂರವಿದ್ದೆ, ನಿನ್ನ ತಪ್ಪು ಅರ್ಥವಾಗುತ್ತದೆ. ನನ್ನದು ಅರ್ಥವಾಗುವುದಿಲ್ಲ.

ಇಲ್ಲಿ ಅತ್ತೆ ಅನ್ನ ಬಿಟ್ಟಿದ್ದಾರೆ. ಹದಿಮೂರನೇ ದಿನದಿಂದ ಮಜ್ಜಿಗೆ ನೀರು ಮಾತ್ರ. ಯುಗಾದಿಯ ದಿನ ಮೈದುನ ಕಾಲು ಹಿಡಿದು ಕೇಳಿದರೂ ಇಲ್ಲ. ಯಾಕೆಂದು ನಿನ್ನೆ ಬಾಯಿಬಿಟ್ಟರು. "ಗಾಜು ಜ್ವರ ಇಲ್ಲೆ ಹೇಳ್ತಾ ಇತ್ತು. ನಾನೇ ಮೂರು ದಿನ ಜ್ವರ ಬಂತು, ಬಂತು ಹೇಳಿ ಬಾಯಿ ಬಡ್ಕಂಡೆ. ಇಲ್ಲದ ಜ್ವರನ್ನ ನಾನೇ ಕರೆದೆ. ನನ್ನ ಬಾಯಿಂದ ಬಂತು ಅದು, ನನ್ನ ಕೈಯಿಂದ ಹತ್ತಿತು ಅವಂಗೆ." ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೂರುತ್ತಾರೆ. ಮೈದುನನ ಆರು ತಿಂಗಳ ಮಗು ತೆವಳಿಕೊಂಡು ಹತ್ತಿರ ಹೋದರೆ ಗೋಡೆಗೆ ಸರಿಯುತ್ತಾರೆ.

ಅವರ ಕೈ ಸರಿ ಹೇಳಿತ್ತು ಎಂದು ಹೇಳಬೇಕು. ಹಾಗೆ ಹೇಳಿದರೆ, ಗಾಜು ಯಾಕೆ ಸುಳ್ಳು ಹೇಳಿತು ಎಂದು ಕೇಳುತ್ತಾರೆ. ಅದನ್ನೂ ಹೇಳಿದರೆ ಅವರು ಬದುಕುವುದಿಲ್ಲ. ಏನೂ ಹೇಳದಿದ್ದರೂ ಬದುಕುವುದಿಲ್ಲ. ಕಣ್ಣೆದುರಿಗೇ ಒಣಗುತ್ತಿದ್ದಾರೆ. ನನಗೆ ದಾರಿ ಕಾಣುತ್ತಿಲ್ಲ.

ಸುಬ್ಬಲಕ್ಷ್ಮಿ


ಕುಮಟಾ
೧೧ ಏಪ್ರಿಲ್ ೧೯೬೦

ಪ್ರೀತಿಯ ಅಕ್ಕನಿಗೆ,

ನನ್ನ ಮೇಲೆ ಹಾಕು. ಸರೋಜಾ ಕಳಿಸಿದ ಕಡ್ಡಿಯೇ ಕೆಟ್ಟಿತ್ತು, ಅದಕ್ಕೇ ತಪ್ಪು ತೋರಿಸಿತು ಎಂದು ಹೇಳು. ಅವರು ನಂಬುತ್ತಾರೆ, ನನ್ನ ಬಗ್ಗೆ ಏನು ಹೇಳಿದರೂ ನಂಬುತ್ತಾರೆ. ಅವರ ಮನೆಯೊಳಗೆ ನಾನು ಕಳೆದುಕೊಳ್ಳುವುದು ಏನೂ ಇಲ್ಲ. ಇದು ಸಿಟ್ಟಿನ ಮಾತಲ್ಲ. ಅವರು ಉಣ್ಣಲಿ. ಬರೀ ಮಜ್ಜಿಗೆಯಲ್ಲಿ ಆ ವಯಸ್ಸಿನ ಜೀವ ಹೆಚ್ಚು ದಿನ ತಡೆಯುವುದಿಲ್ಲ, ದಾದಿಯಾಗಿ ಹೇಳುತ್ತಿದ್ದೇನೆ. ತಡಮಾಡಬೇಡ.

ಸರೋಜಾ


ಭಟ್ಕಳ
೨೪ ಏಪ್ರಿಲ್ ೧೯೬೦

ಪ್ರೀತಿಯ ಸರೋಜಾ,

ನೀನು ಕೊಟ್ಟ ಸುಳ್ಳನ್ನು ಮೂರು ದಿನ ಬಾಯಲ್ಲಿಟ್ಟುಕೊಂಡು ಓಡಾಡಿದೆ, ಹೇಳಲಾಗಲಿಲ್ಲ. ನಿನ್ನ ಮೇಲೆ ಇನ್ನೊಂದು ಹೊರೆ ಹಾಕಲು ಮನಸ್ಸು ಬರಲಿಲ್ಲ. ಬೇರೆ ಸುಳ್ಳು ಹೇಳಿದೆ.

ಏಕಾದಶಿಯ ಮರುದಿನ ಅತ್ತೆಯ ಮುಂದೆ ಕೂತು ಹೇಳಿದೆ: "ಗಾಜು ಸುಳ್ಳು ಹೇಳಲಿಲ್ಲ. ಜ್ವರ ಇದೆ ಎಂದೇ ತೋರಿಸಿತ್ತು. ದೂರದಿಂದ ನನಗೆ ಅಂಕಿ ಕಾಣಲಿಲ್ಲ. ಕಾಣುವುದಿಲ್ಲ ಎಂದು ನಿಮ್ಮ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಗಿ ಬಾಯಿಗೆ ಬಂದದ್ದು ಹೇಳಿದೆ."

ಅತ್ತೆ ನನ್ನ ಕಡೆ ತಿರುಗಿದರು. "ಹಂಗಾರೆ ಜ್ವರ ಇದ್ದಿತ್ತ?" ಎಂದರು.

"ಇತ್ತು."

"ಶುಕ್ರವಾರನೇ?"

"ಶುಕ್ರವಾರ ಅಲ್ಲ, ಶನಿವಾರದಿಂದ. ನೀವು ಹೇಳಿದಂದಿನಿಂದ. ನೀವು ಹೇಳಿದ್ದೆಲ್ಲ ಸರಿ ಇತ್ತು."

ಆಗ ಸೆರಗಿನಿಂದ ಕೈ ತೆಗೆದರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. "ನನ್ನ ಮಗನ್ನ ತಿಂದ್ಯಲೇ ನೀನು" ಎಂದರು. ಗಟ್ಟಿಯಾಗಿ ಅಲ್ಲ, ಆಶ್ಚರ್ಯಪಟ್ಟವರ ಹಾಗೆ. ಆಮೇಲೆ ಗಟ್ಟಿಯಾಗಿ. ಓರಗಿತ್ತಿ ಮಹಾಲಕ್ಷ್ಮೀ ಓಡಿ ಬಂದಳು, ಮೈದುನ ಬಂದ, ಪಕ್ಕದ ಮನೆಯವರೂ ಬಂದರು. ಎಲ್ಲರೆದುರು ಎಲ್ಲವನ್ನೂ ಹೇಳಿದರು. ನಾನು ಹೌದು ಹೌದು ಎಂದೆ.

ಅಂದಿನಿಂದ ನನ್ನ ಹತ್ತಿರ ಮಾತಿಲ್ಲ. ನಾನು ಬಾವಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ. ಮೈದುನ ನನ್ನನ್ನು ನೋಡದೆ ಗೋಡೆಗೆ ಮಾತಾಡುತ್ತಾನೆ. ನಾನು ಹೇಳಿದ್ದರಲ್ಲಿ ಸುಳ್ಳು ಎಷ್ಟು, ನಿಜ ಎಷ್ಟು ಎಂದು ಒಮ್ಮೊಮ್ಮೆ ನನಗೇ ಗೊಂದಲವಾಗುತ್ತದೆ. ಅಂಕಿ ಸರಿಯಾಗಿ ಓದಿದವಳು, ತಪ್ಪಾಗಿ ಓದಿದೆ ಎಂದು ಹೇಳುತ್ತಾ ಹೇಳುತ್ತಾ, ಅದೇ ನಿಜ ಅನ್ನಿಸತೊಡಗಿದೆ. ನಿನಗೆ ಮಾತ್ರ ನಡೆದದ್ದು ಗೊತ್ತಿರಲಿ. ಗೊತ್ತಿರುವವರು ಒಬ್ಬರಾದರೂ ಬೇಕು. ಆದರೆ ನೀನು ಇದನ್ನು ಯಾರಿಗೂ ಹೇಳಕೂಡದು, ನನ್ನನ್ನು ಬಿಡಿಸಲೆಂದು ಸಹ ಹೇಳಕೂಡದು. ಓದಿ ಹರಿದು ಹಾಕು.

ಅತ್ತೆ ಅಂದು ಮಧ್ಯಾಹ್ನವೇ ಎಲೆ ಹಾಕಿಸಿಕೊಂಡು ಕೂತರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನನ್ನು ಬಯ್ಯುತ್ತಾ ಉಂಡರು. ಎರಡನೇ ಸಲ ಅನ್ನ ಕೇಳಿದಾಗ ನಾನು ಪಾತ್ರೆ ಹಿಡಿದು ಎದ್ದೆ. ನನ್ನಿಂದ ಬೇಡ ಎಂದರು. ಓರಗಿತ್ತಿಯೇ ಬಡಿಸಿದಳು. ನಾನು ಬಾಗಿಲ ಹಿಂದೆ ನಿಂತು, ಅವರು ಎಲೆ ಖಾಲಿ ಮಾಡುವವರೆಗೂ ನೋಡಿದೆ.

ನಿನ್ನ ಅಕ್ಕ,
ಸುಬ್ಬಲಕ್ಷ್ಮಿ